ಮಣ್ಣಿನ ಪಂದ್ಯದ ಕಿರುಟ್ರಕ್ಕುಗಳನ್ನು ಹದಗೊಳಿಸುವ ಕ್ರಮ

ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘದ ಬಾಲಕಿಯರು ಶನಿವಾರದ ಮಧ್ಯಾಹ್ನಗಳಲ್ಲಿ ಹಿಂಬದಿಯ ಬಯಲಿನಲ್ಲಿ ಓಡಿಸುವ ರೇಡಿಯೋ ಟ್ರಕ್ಕುಗಳ ವಿಷಯವಾಗಿ ಮಾತಾಪಿತೃಗಳಲ್ಲಿ ಅನೇಕರು ನನ್ನನ್ನು ವಿಚಾರಿಸಿರುವರು. ಕೆಲವರು ಸಂತೋಷದಿಂದ ವಿಚಾರಿಸಿದರು, ಕೆಲವರು ಅಸಮಾಧಾನದಿಂದ. ಆಟದ ಸಾಮಾನಿಗೆ ಇಷ್ಟು ಹಣವೇತಕ್ಕೆ, ಹೆಣ್ಣುಮಕ್ಕಳ ಕೈಗೆ ಎಣ್ಣೆಜಿಡ್ಡು ಏತಕ್ಕೆ, ಹತ್ತನೆಯ ತರಗತಿಯ ಪರೀಕ್ಷೆಗೆ ಇದರಿಂದ ಬರುವ ಪ್ರಯೋಜನವೇನು ಎಂಬಿವು ಅವರ ಮುಖ್ಯವಾದ ಪ್ರಶ್ನೆಗಳು. ಈ ಅಭ್ಯಾಸವನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದು ಮುಂದಿನ ಪಾಲಕರ ಸಭೆಯಲ್ಲಿ ತೀರ್ಮಾನವಾಗತಕ್ಕದ್ದಾಗಿದೆ. ತೀರ್ಮಾನಿಸತಕ್ಕವರು ವಸ್ತುವು ಎಂತಹುದೆಂಬುದನ್ನು ಮೊದಲು ತಿಳಿದಿರುವುದು ನ್ಯಾಯ. ಆದುದರಿಂದ ಈ ಸಂಚಿಕೆಯಲ್ಲಿ ನನಗೆ ಕೊಟ್ಟಿರುವ ಪುಟಗಳನ್ನು ಎಂದಿನಂತೆ ವರ್ಷದ ವರದಿಗೆ ಉಪಯೋಗಿಸದೆ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಹಳೆಯ ವಿದ್ಯಾರ್ಥಿನಿಯರಿಗೂ ಇದು ಬೇಕಾದ ಮಾತೇ ಸರಿ. ಏಕೆಂದರೆ ನಮ್ಮಲ್ಲಿರುವ ಎರಡು ಟ್ರಕ್ಕುಗಳೂ ಅವರ ಕಾಣಿಕೆಗಳು.

ಇದು ಜಾತ್ರೆಯ ಅಂಗಡಿಯಲ್ಲಿ ದೊರೆಯುವ ಬೊಂಬೆಗಾಡಿಯಲ್ಲ. ದೊಡ್ಡ ಮೋಟಾರು ಗಾಡಿಯಲ್ಲಿ ಏನೇನು ಅವಯವಗಳುಂಟೋ ಅವುಗಳಲ್ಲಿ ಬಹುಪಾಲು ಇದರಲ್ಲಿಯೂ ಉಂಟು. ಸ್ಪ್ರಿಂಗುಗಳು, ಎಣ್ಣೆ ತುಂಬಿದ ಷಾಕ್ ಅಬ್ಸಾರ್ಬರುಗಳು, ಹಲ್ಲುಚಕ್ರಗಳು, ಡಿಫರೆನ್ಷಿಯಲ್, ಕ್ಲಚ್ಚು, ತಿರುಗಿಸುವ ತೋಳುಗಳು, ರಬ್ಬರು ಟೈರುಗಳು ಎಲ್ಲವೂ ಸುಮಾರು ಹತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ಇರುವುವು. ಉದ್ದ ಅರ್ಧ ಮೀಟರಿನ ಆಸುಪಾಸು. ತೂಕ ಎರಡು ಕಿಲೋಗ್ರಾಮಿನ ಆಸುಪಾಸು. ಪೆಟ್ರೋಲಿಗೆ ಬದಲಾಗಿ ವಿದ್ಯುತ್ ಬ್ಯಾಟರಿ. ಚಾಲಕಿಗೆ ಬದಲಾಗಿ ಒಂದು ಬೆಂಕಿಪೊಟ್ಟಣದಷ್ಟಿರುವ ರೇಡಿಯೋ ಗ್ರಾಹಕ. ಚಾಲಕಿಯು ದೂರದಲ್ಲಿ ಎತ್ತರವಾದ ಜಗಲಿಯ ಮೇಲೆ ನಿಂತು ಕೈಯಲ್ಲಿರುವ ಪ್ರೇಷಕದಿಂದ ಅದನ್ನು ನಡೆಸುವಳು. ಸ್ಕ್ರೂ ಬಿಚ್ಚಿದರೆ ಬಾರದಿರುವ ಭಾಗ ಇದರಲ್ಲಿ ಒಂದೂ ಇಲ್ಲ, ಬಿಚ್ಚಿದ ಭಾಗಗಳಲ್ಲಿ ಹೆಚ್ಚು ಕಡಮೆ ಮಾಡಲಾಗದಿರುವುದು ಬಹಳ ಅಪರೂಪ. ಈ ಹೆಚ್ಚು ಕಡಮೆ ಮಾಡುವ ವಿದ್ಯೆಯನ್ನೇ ಹದಗೊಳಿಸುವುದೆಂದು ನಾವು ಕರೆಯುತ್ತೇವೆ.

ಇದರ ಪೂರ್ವಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ತಂತಿಯಿಲ್ಲದೆ ದೂರದ ವಸ್ತುವನ್ನು ನಡೆಸಬಹುದೆಂದು ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ೧೮೯೮ ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನೀರತೊಟ್ಟಿಯೊಳಗೆ ಒಂದು ಚಿಕ್ಕ ದೋಣಿಯನ್ನು ಓಡಿಸಿ ತೋರಿಸಿದನು. ಅದೇ ದಶಕದಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಗೋಡೆಗಳಾಚೆಯಿಂದ ವಿದ್ಯುದಲೆಗಳನ್ನು ಕಳುಹಿಸಿ ಗಂಟೆ ಬಾರಿಸಿದ್ದರು. ಮಣ್ಣಿನಲ್ಲಿ ಓಡತಕ್ಕ ಕಿರುಗಾಡಿಗಳನ್ನು ಜಪಾನು ದೇಶದ ಷಿಜುವೋಕಾ ನಗರದ ತಾಮಿಯಾ ಕಾರ್ಖಾನೆಯವರು ೧೯೭೯ ರಲ್ಲಿ ಹೊರತಂದರು. ೧೯೮೪ ರಲ್ಲಿ ಅಮೆರಿಕಾದ ಅಸೋಸಿಯೇಟೆಡ್ ಎಂಬವರು ಆರ್‌ಸಿ-೧೦ ಎಂಬುದನ್ನು ಪಂದ್ಯಕ್ಕೆಂದೇ ಕಟ್ಟಿದರು. ಮರುವರ್ಷವೇ ಕ್ಯಾಲಿಫೋರ್ನಿಯಾದಲ್ಲಿ ಇಂತಹ ಮಣ್ಣಿನ ಕಿರುಗಾಡಿಗಳ ಮೊದಲನೆಯ ವಿಶ್ವ ಚಾಂಪಿಯನ್ ಪಂದ್ಯ ನಡೆಯಿತು. ಜಪಾನಿನ ಮಸಾಮಿ ಹಿರೋಸಾಕಾ ಎಂಬಾತನು ನಾನಾ ಬಗೆಯ ಕಿರುಗಾಡಿ ಪಂದ್ಯಗಳಲ್ಲಿ ೧೪ ಸಲ ಜಗತ್ತಿನಲ್ಲಿ ಮೊದಲಿಗನಾದನು. ಮಣ್ಣಿನ ಹಾದಿಯಲ್ಲಿ ದೊಡ್ಡ ಕಾರುಗಳನ್ನು ಓಡಿಸುವ ಪಂದ್ಯ ನಮ್ಮ ನಾಡಿಗೂ ಹೊಸದಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-೧೦೦೦ ರ‍್ಯಾಲಿಯ ಹೆಸರನ್ನು ಅನೇಕರು ಕೇಳಿರಬಹುದು. ಕಿರುಗಾಡಿಗಳ ಹವ್ಯಾಸವುಳ್ಳವರು ಬೆಂಗಳೂರಿನಲ್ಲಿ ಹಲವರಿದ್ದಾರೆ.

ಇನ್ನು ವಿಷಯಕ್ಕೆ ಬರೋಣ. ಹದಗೊಳಿಸುವುದು ಟ್ರಕ್ಕಿನಿಂದ ಆರಂಭವಾಗುವುದೆಂದು ಹೊಸಬರು ತಿಳಿಯುವರು. ಹಾಗಲ್ಲ, ಅದು ನೆಲದಿಂದ ಆರಂಭವಾಗತಕ್ಕದ್ದು. ಬೇಸಾಯಗಾರರ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಕೊಳಾಲದ ಸುತ್ತಣ ಸೀಮೆಯ ಮಣ್ಣು ಗಟ್ಟಿ ಬಂಡೆಯು ಸವೆದು ಆದ ಕೆಂಪು ಮಣ್ಣು. ಚನ್ನರಾಯನದುರ್ಗ, ಸಿದ್ಧರಬೆಟ್ಟಗಳ ಬಂಡೆಯೂ ನಮ್ಮ ಹೊಲದ ಮರಳೂ ಒಂದೇ ಮನೆತನದವು. ಈ ಮಣ್ಣಿನಲ್ಲಿ ಅಂಟು ಕಡಮೆ, ಹರಳು ಹೆಚ್ಚು. ಬಿಸಿಲಿನಲ್ಲಿ ಒಣಗಿದರೆ ಅಡಿಯ ಪದರವು ಕಲ್ಲಿನಂತಾಗಿ, ಅದರ ಮೇಲೆ ಸಣ್ಣ ಹರಳುಗಳು ಸಾಸುವೆಯಂತೆ ಹರಡಿಕೊಂಡಿರುವುವು. ಇಂತಹ ನೆಲದ ಮೇಲೆ ಚಕ್ರವು ನೆಲವನ್ನು ಮುಟ್ಟುವುದೇ ಇಲ್ಲ. ಸಾಸುವೆಯ ಮೇಲೆ ಕಾಲಿಟ್ಟವರಂತೆ ಹರಳುಗಳ ಮೇಲೆ ಉರುಳಿ ಜಾರುವುದು. ಆದಕಾರಣ ನಮ್ಮ ಪಂದ್ಯದ ಹಾದಿಗೆ ಕೆರೆಯ ಗೋಡನ್ನು ತರಿಸಿ ಕೆಂಪು ಮಣ್ಣಿನೊಡನೆ ಬೆರೆಸಿ ಹಾಕಿದೆವು. ಗೋಡಿನಲ್ಲಿರುವ ಜೇಡಿಯ ಅಂಶವು ಹರಳುಗಳನ್ನು ಹಿಡಿದುಕೊಳ್ಳುವುದು. ರಾಗಿಯ ಒಕ್ಕಣೆಗೆ ಮುಂಚೆ ಕಣವನ್ನು ಹೇಗೆ ನೀರು ಚಿಮುಕಿಸಿ, ಗುಂಡು ಹೊಡೆದು ಗಟ್ಟಿಮಾಡುವರೋ ಹಾಗೆಯೇ ಇದನ್ನೂ ಮಾಡಿದ್ದಾಯಿತು. ಈ ಕೆಲಸವನ್ನು ಹುಡುಗಿಯರಿಗೆ ಕಲಿಸಿದವರು ನಾವು ಉಪಾಧ್ಯಾಯಿನಿಯರಲ್ಲ, ಅವರ ಅಜ್ಜಿಯರು. ಕಣ ಸಾರಿಸಿ ಸಗಣಿಯಾದ ಕೈಯನ್ನು ಕುರಿತು ಯಾರೂ ಇದುವರೆಗೆ ಆಕ್ಷೇಪಣೆ ಮಾಡಿದ್ದನ್ನು ನಾನು ಕೇಳಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಒಂದೇ ಹಾದಿಯು ಒಂದೇ ದಿನದಲ್ಲಿ ಮೂರು ಬಗೆಯಾಗುವುದು. ನೀರು ಚಿಮುಕಿಸಿದ ಒಡನೆ ಮಣ್ಣು ಟೈರಿಗೆ ಮೆತ್ತಿಕೊಳ್ಳುವುದು. ಅರ್ಧ ಆರಿದಾಗ, ಎಂದರೆ ನಮ್ಮವರು ಬಿತ್ತನೆಗೆ ಹದವೆಂದು ಹೇಳುವ ಸ್ಥಿತಿಯಲ್ಲಿ, ಹಿಡಿತವು ಬಹು ಚೆನ್ನಾಗಿರುವುದು; ಕಣಕಣಗಳ ನಡುವೆ ನಿಂತ ತೆಳ್ಳನೆಯ ನೀರು ಅವನ್ನು ಒಂದಕ್ಕೊಂದು ಬಿಗಿಯುವುದೇ ಇದಕ್ಕೆ ಕಾರಣ. ಪೂರ್ತಿ ಆರಿದ ಮೇಲೆ ಧೂಳೇಳುವುದು. ಆದರೆ ಬಹಳ ಓಡಿಸಿದ ಹಾದಿಯಲ್ಲಿ ಇನ್ನೊಂದು ವಿಚಿತ್ರವುಂಟು. ಎಲ್ಲ ಟ್ರಕ್ಕುಗಳೂ ಹೋಗುವ ಸಾಲಿನಲ್ಲಿ ಧೂಳೆಲ್ಲ ಗುಡಿಸಿಹೋಗಿ, ಟೈರಿನ ರಬ್ಬರು ನೆಲಕ್ಕೆ ಸವರಿದಂತಾಗಿ, ಕಪ್ಪು ಮಿರುಗಿನ ಒಂದು ಜಾಡು ಉಂಟಾಗುವುದು. ಇದನ್ನು ಪರದೇಶದ ಪಂದ್ಯಗಾರರು ಬ್ಲೂ ಗ್ರೂವ್ ಎಂದು ಕರೆಯುವರು. ಆ ಜಾಡಿನೊಳಗೆ ಹಿಡಿತವು ಡಾಂಬರು ರಸ್ತೆಯಂತೆ. ಒಂದು ಗೇಣು ಹೊರಗೆ ಬಿದ್ದರೆ ಮಂಜುಗಡ್ಡೆಯಂತೆ.

ಟೈರುಗಳ ವಿಚಾರವು ಇಲ್ಲಿಗೆ ಹೊಂದಿಕೊಂಡೇ ಬರುವುದು. ಹದಗೊಳಿಸುವ ಕೆಲಸಗಳೆಲ್ಲವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಟೈರನ್ನು ಮಾತ್ರ ಇನ್ನೊಂದರಲ್ಲಿಟ್ಟರೆ ಟೈರಿನ ತಟ್ಟೆಯೇ ಕೆಳಗಾಗುವುದೆಂದು ನನ್ನ ಅಭಿಪ್ರಾಯ. ಸಡಿಲವಾದ ಆಳದ ಮಣ್ಣಿಗೆ ಉದ್ದನೆಯ ಮುಳ್ಳುಗಳುಳ್ಳ ಟೈರು ಬೇಕು. ಮುಳ್ಳುಗಳು ಮಣ್ಣನ್ನು ಚುಚ್ಚಿ ಅಡಿಯ ಗಟ್ಟಿ ಪದರವನ್ನು ಹುಡುಕುವುವು. ಗಟ್ಟಿಯಾದ ಆರಿದ ನೆಲಕ್ಕೆ ಒತ್ತೊತ್ತಾಗಿರುವ ಗಿಡ್ಡ ಮುಳ್ಳುಗಳು ಬೇಕು. ಕಪ್ಪು ಜಾಡು ಬಿದ್ದ ಹಾದಿಗಾದರೋ ಮುಳ್ಳು ಸವೆದು ಬಹುಮಟ್ಟಿಗೆ ನುಣುಪಾದ ಟೈರೇ ಉತ್ತಮ. ಇದನ್ನು ಕೇಳಿದರೆ ಹೊಸಬರು ನಂಬುವುದಿಲ್ಲ. ಗಟ್ಟಿ ನೆಲದ ಮೇಲೆ ಉದ್ದನೆಯ ಮುಳ್ಳು ಚುಚ್ಚಲಾರದೆ ಬಾಗುವುದು. ಬಾಗುವ ಮುಳ್ಳಿನ ಮೇಲೆ ಟ್ರಕ್ಕು ಮೃದುವಾದ ಹಾಸಿಗೆಯ ಮೇಲೆ ನಡೆಯುವವನಂತೆ ತೂರಾಡುವುದು. ಸವೆದ ಟೈರಿನಲ್ಲಿ ನೆಲವನ್ನು ಮುಟ್ಟುವ ರಬ್ಬರಿನ ಮೈ ಹೆಚ್ಚು, ಬಾಗುವುದು ಕಡಮೆ. ಒಂಬತ್ತನೆಯ ತರಗತಿಯ ಹುಡುಗಿಯರು ಹೊಸ ಟೈರುಗಳು ಬಂದ ಸಂತೋಷದಲ್ಲಿ ಅವನ್ನು ಹಾಕಿ ಓಡಿಸಿ, ಪ್ರತಿ ಸುತ್ತಿಗೂ ಹಿಂದೆಬಿದ್ದು, ಕಡೆಗೆ ಗುಜರಿಗೆ ಹಾಕಿದ್ದ ಹಳೆಯವನ್ನೇ ತೊಳೆದು ಹಾಕಿಕೊಂಡು ಚೇತರಿಸಿಕೊಂಡರು. ಹೊಸದೆಲ್ಲ ಒಳ್ಳೆಯದೆಂಬ ಭ್ರಮೆ ಹೋಗಲಾಡಿಸುವುದಕ್ಕೆ ಇದಕ್ಕಿಂತ ಅಗ್ಗವಾದ ಪಾಠ ನನಗೆ ತಿಳಿಯದು.

ಮುಳ್ಳಿನ ಆಕಾರವಲ್ಲದೆ ರಬ್ಬರಿನ ಮೆದುತನವನ್ನೂ ನೋಡಬೇಕು. ಮೆದು ರಬ್ಬರು ಚೆನ್ನಾಗಿ ಹಿಡಿಯುವುದು, ಬೇಗ ಸವೆಯುವುದು. ಗಟ್ಟಿ ರಬ್ಬರು ಬಾಳುವುದು, ಜಾರುವುದು. ಬೇಸಿಗೆಯ ನೆಲವು ಕಾದಿರುವಾಗ ಅತಿ ಮೆದುವಾದುದು ಒಂದೆರಡು ದಿನಕ್ಕೇ ತೀರಿಹೋಗುವುದು. ಟೈರಿನೊಳಗೆ ಗಾಳಿಗೆ ಬದಲಾಗಿ ಸ್ಪಂಜಿನ ಬಳೆಯೊಂದನ್ನು ಇಟ್ಟಿರುವರು. ಟೈರಿನ ಅಂಚನ್ನು ಚಕ್ರದ ತೋಡಿಗೆ ಕೂರಿಸಿ ಗೋಂದಿನಿಂದ ಸುತ್ತಲೂ ಅಂಟಿಸಬೇಕು. ಈ ಗೋಂದು ಕ್ಷಣದಲ್ಲಿ ಬೆರಳುಗಳನ್ನೂ ಅಂಟಿಸಿಬಿಡುವ ಜಾತಿಯದು. ಆದುದರಿಂದ ಕನ್ನಡಕ ಹಾಕಿಕೊಳ್ಳದೆ ಯಾರೂ ಅದನ್ನು ಮುಟ್ಟಕೂಡದೆಂದು ಕಟ್ಟಳೆಯುಂಟು.

ಎರಡನೆಯದು ಸ್ಪ್ರಿಂಗು ಮತ್ತು ಎಣ್ಣೆ. ಸ್ಪ್ರಿಂಗಿನ ಕೆಲಸ ಟ್ರಕ್ಕಿನ ಭಾರವನ್ನು ಹೊತ್ತು, ಚಕ್ರವು ಹಳ್ಳಕ್ಕಿಳಿದಾಗ ಅದನ್ನು ನೆಲಕ್ಕೆ ಒತ್ತುವುದು. ಸ್ಪ್ರಿಂಗು ಒಂದೇ ಇದ್ದರೆ ಒಂದು ಸಲ ಅದುಮಿದ್ದು ಹತ್ತು ಸಲ ಕುಣಿಯುವುದು. ಆ ಕುಣಿತವನ್ನು ಅಡಗಿಸುವುದಕ್ಕೆ ಎಣ್ಣೆ. ಒಂದು ಚಿಕ್ಕ ಕೊಳವೆಯಲ್ಲಿ ಸಿಲಿಕೋನ್ ಎಣ್ಣೆ ತುಂಬಿರುವುದು. ಅದರೊಳಗೆ ತೂತುಗಳುಳ್ಳ ಒಂದು ಬಿಲ್ಲೆ ಮೇಲೆ ಕೆಳಗೆ ಆಡುವುದು. ಎಣ್ಣೆಯು ಆ ತೂತುಗಳ ಮೂಲಕ ನುಸುಳಬೇಕಾದುದರಿಂದ ಚಲನೆಯು ನಿಧಾನವಾಗುವುದು. ಮಜ್ಜಿಗೆಯಲ್ಲಿ ಕಡೆಗೋಲು ಆಡಿಸುವುದಕ್ಕೂ ಜೇನುತುಪ್ಪದಲ್ಲಿ ಆಡಿಸುವುದಕ್ಕೂ ಎಷ್ಟು ವ್ಯತ್ಯಾಸವೋ ತೆಳ್ಳನೆಯ ಎಣ್ಣೆಗೂ ಮಂದವಾದ ಎಣ್ಣೆಗೂ ಅಷ್ಟೇ ವ್ಯತ್ಯಾಸ. ಎಣ್ಣೆಯ ಮಂದತೆಯನ್ನು ಸೆಂಟಿಸ್ಟೋಕ್ ಎಂಬ ಮಾನದಿಂದ ಅಳೆಯುವರು; ನಮ್ಮ ಟ್ರಕ್ಕುಗಳಿಗೆ ೩೦೦ ರಿಂದ ೫೦೦ ರ ನಡುವಣದು ಸಾಕಾಗುವುದು.

ಹಳ್ಳತಿಟ್ಟಿನ ಹಾದಿಗೆ ಮೆದು ಸ್ಪ್ರಿಂಗು, ತೆಳ್ಳನೆಯ ಎಣ್ಣೆ. ಸಮವಾಗಿಯೂ ಹಿಡಿತವುಳ್ಳದ್ದಾಗಿಯೂ ಇರುವ ಹಾದಿಗೆ ಬಿಗಿ ಸ್ಪ್ರಿಂಗು, ಮಂದವಾದ ಎಣ್ಣೆ. ಇದು ಸಾಮಾನ್ಯ ನಿಯಮ. ಆದರೆ ಎತ್ತರದ ದಿಬ್ಬಗಳಿಂದ ಹಾರಿ ಬೀಳುವ ಹಾದಿಯಲ್ಲಿ ತೆಳ್ಳನೆಯ ಎಣ್ಣೆಯಿದ್ದರೆ ಹೊಟ್ಟೆ ನೆಲಕ್ಕೆ ಬಡಿಯುವುದು. ಮಂದವಾದುದನ್ನು ಹಾಕಿದರೆ ಸಣ್ಣ ಹಳ್ಳಗಳಲ್ಲಿ ಚಕ್ರವು ಇಳಿಯದೆ ಮೇಲೆಮೇಲೆಯೇ ಹಾರುವುದು. ಎರಡನ್ನೂ ಒಟ್ಟಿಗೆ ತೃಪ್ತಿಪಡಿಸುವ ಎಣ್ಣೆ ಯಾವ ಅಂಗಡಿಯಲ್ಲಿಯೂ ಇಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಹುಡುಗಿಯರು ಚರ್ಚಿಸುವಾಗ ನಾನು ಬಾಗಿಲಲ್ಲಿ ನಿಂತು ಕೇಳಿದ್ದುಂಟು. ಗಣಿತದ ತರಗತಿಯಲ್ಲಿ ತುಟಿ ಬಿಚ್ಚದವಳೂ ಅಲ್ಲಿ ವಾದಿಸುವಳು.

ಎಣ್ಣೆಯು ಕಾದಂತೆಲ್ಲ ತೆಳ್ಳಗಾಗುವುದು. ಧನುರ್ಮಾಸದ ಬೆಳಿಗ್ಗೆ ಹದವಾಗಿದ್ದ ಟ್ರಕ್ಕು ಏಪ್ರಿಲ್ ತಿಂಗಳ ಮಧ್ಯಾಹ್ನ ತೊಟ್ಟಿಲಿನಂತೆ ತೂಗುವುದಕ್ಕೆ ಇದೇ ಕಾರಣ. ಆಗ ಒಂದು ಮೆಟ್ಟಿಲು ಮಂದವಾದುದನ್ನು ಹಾಕತಕ್ಕದ್ದು. ಎಣ್ಣೆ ತುಂಬುವಾಗ ಬಿಲ್ಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆದ್ದು ಒಡೆಯುವ ತನಕ ತಾಳ್ಮೆಯಿಂದ ಇಡಬೇಕು. ಒಂದು ಕೊಳವೆಯಲ್ಲಿ ಗಾಳಿ ಉಳಿದು ಇನ್ನೊಂದರಲ್ಲಿ ಉಳಿಯದಿದ್ದರೆ ಟ್ರಕ್ಕು ಎಡಕ್ಕೊಂದು ರೀತಿ ಬಲಕ್ಕೊಂದು ರೀತಿ ತಿರುಗುವುದು. ಕಾರಣ ಮಾತ್ರ ಹೊರಗೆ ಕಾಣುವುದಿಲ್ಲ.

ಭಾರದ ವಿಚಾರವನ್ನು ಎತ್ತಿನ ಗಾಡಿ ಹೂಡಿದ ಮನೆಯವರಿಗೆ ನಾನು ಹೇಳಿಕೊಡಬೇಕೆ? ಮೂಟೆಗಳನ್ನು ಮುಂದಕ್ಕೆ ಹೇರಿದರೆ ಎತ್ತಿನ ಹೆಗಲು ನೋಯುವುದು. ಹಿಂದಕ್ಕೆ ಹೇರಿದರೆ ಮೂಕಿ ಮೇಲೇಳುವುದು. ನಮ್ಮ ಟ್ರಕ್ಕಿನಲ್ಲಿ ಬಲವು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬರುವುದು. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದರೆ ಆ ಚಕ್ರಗಳ ಮೇಲೆ ಭಾರ ಬಿದ್ದು ಸಡಿಲ ಮಣ್ಣಿನಲ್ಲಿ ಹಿಡಿತ ದೊರೆಯುವುದು. ಆದರೆ ಮುಂದಿನ ಚಕ್ರಗಳು ಹಗುರವಾಗಿ ತಿರುವಿನಲ್ಲಿ ಮಾತು ಕೇಳುವುದಿಲ್ಲ. ಮುಂದಕ್ಕೆ ಸರಿಸಿದರೆ ತಿರುಗುವುದು ಚುರುಕಾಗಿ ಹಿಂಭಾಗವು ಬಾಲ ಬೀಸಿದಂತೆ ಜಾರುವುದು. ಒಂದು ಬೆರಳಿನ ಅಗಲ ಸರಿಸಿದರೂ ಚಾಲಕಿಗೆ ತಿಳಿಯುವುದು.

ಹೊಟ್ಟೆಯು ನೆಲದಿಂದ ಎಷ್ಟು ಎತ್ತರವಿರಬೇಕೆಂಬುದನ್ನು ಬ್ಯಾಟರಿ ಸಮೇತ ಸರ್ವಸಿದ್ಧವಾದ ಟ್ರಕ್ಕನ್ನು ಮೇಜಿನ ಮೇಲೆ ಒಂದು ಗೇಣಿಗೆ ಕಡಮೆ ಎತ್ತರದಿಂದ ಕೈಬಿಟ್ಟು, ಅದು ತಾನಾಗಿ ನಿಂತ ಮೇಲೆ ಅಳೆಯಬೇಕು. ಸಮವಾದ ಹಾದಿಗೆ ೨೫ ಮಿಲಿಮೀಟರು, ಹಳ್ಳತಿಟ್ಟಿಗೆ ಎರಡು ಮೂರು ಮಿಲಿಮೀಟರು ಹೆಚ್ಚು. ಎತ್ತರವಾದಷ್ಟೂ ಹಳ್ಳವನ್ನು ದಾಟುವುದು ಸುಲಭ, ಮಗುಚುವುದೂ ಸುಲಭ. ಚಕ್ರಗಳ ಓರೆಯ ಲೆಕ್ಕವನ್ನು ಇಲ್ಲಿ ಸಂಕ್ಷೇಪಿಸುತ್ತೇನೆ. ಮುಂದಿನಿಂದ ನೋಡಿದಾಗ ಚಕ್ರದ ತಲೆಯು ಒಳಕ್ಕೆ ಒಂದೆರಡು ಡಿಗ್ರಿ ವಾಲಿರಬೇಕು. ಹಿಂದಿನ ಚಕ್ರಗಳ ಮುಂಬದಿಯು ಸುಮಾರು ಮೂರು ಡಿಗ್ರಿ ಒಳಮುಖವಾಗಿರಬೇಕು. ಈ ಎರಡನೆಯದಿಲ್ಲದಿದ್ದರೆ ಟ್ರಕ್ಕು ನೇರ ಹಾದಿಯಲ್ಲಿಯೂ ನೇರವಾಗಿ ಹೋಗಲೊಲ್ಲದು.

ಎತ್ತಿನ ಗಾಡಿಯ ಎರಡು ಚಕ್ರಗಳೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುವುದರಿಂದ ತಿರುವಿನಲ್ಲಿ ಹೊರಗಿನ ಚಕ್ರವು ಹೆಚ್ಚು ದೂರ ಹೋದರೂ ತೊಂದರೆಯಿಲ್ಲ. ಯಂತ್ರದ ಗಾಡಿಯಲ್ಲಿ ಎರಡು ಚಕ್ರಗಳನ್ನೂ ಒಂದೇ ಮೋಟಾರು ತಿರುಗಿಸಬೇಕಾದುದರಿಂದ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರದ ಪೆಟ್ಟಿಗೆ ಬೇಕಾಯಿತು. ಅದರಲ್ಲೊಂದು ದೋಷವುಂಟು: ಒಂದು ಚಕ್ರವು ಗಾಳಿಯಲ್ಲಿಯೋ ಧೂಳಿನಲ್ಲಿಯೋ ಸುಮ್ಮನೆ ತಿರುಗತೊಡಗಿದರೆ ಬಲವೆಲ್ಲ ಅತ್ತಲೇ ಹರಿದುಹೋಗುವುದು. ಇದನ್ನು ತಡೆಯಲು ಆ ಪೆಟ್ಟಿಗೆಯೊಳಗೆ ಸಾವಿರಾರು ಸೆಂಟಿಸ್ಟೋಕಿನ ಅತಿ ಮಂದವಾದ ಎಣ್ಣೆಯನ್ನು ತುಂಬುವರು. ನಿಜವಾದ ಲಾರಿಗಳ ಡಿಫರೆನ್ಷಿಯಲ್ ಕೆಟ್ಟಾಗ ಗ್ಯಾರೇಜಿನವರು ಏನು ಹೇಳುವರೆಂದು ನಮ್ಮ ಹುಡುಗಿಯರಿಗೆ ಈಗ ಅರ್ಥವಾಗುವುದು. ಅವರ ಅಣ್ಣಂದಿರಲ್ಲಿ ಕೆಲವರಿಗೆ ಅರ್ಥವಾಗುವುದಿಲ್ಲವೆಂದೂ ಕೇಳಿದ್ದೇನೆ.

ಪರೀಕ್ಷೆಗೆ ಏನು ಪ್ರಯೋಜನವೆಂದು ಕೇಳಿದವರು ಹಲ್ಲುಚಕ್ರದ ಲೆಕ್ಕವನ್ನು ಲಕ್ಷ್ಯವಿಟ್ಟು ಓದಬೇಕಾಗಿ ಕೋರುತ್ತೇನೆ. ಮೋಟಾರಿನ ತುದಿಯಲ್ಲಿರುವ ಚಿಕ್ಕ ಚಕ್ರಕ್ಕೆ ೨೩ ಹಲ್ಲು, ಅದು ತಿರುಗಿಸುವ ದೊಡ್ಡ ಚಕ್ರಕ್ಕೆ ೮೭ ಹಲ್ಲು ಎಂದಿಟ್ಟುಕೊಳ್ಳೋಣ. ೮೭ ನ್ನು ೨೩ ರಿಂದ ಭಾಗಿಸಿದರೆ ಸುಮಾರು ೩.೭೮. ಪೆಟ್ಟಿಗೆಯೊಳಗಿನ ಪ್ರಮಾಣವು ೨.೬ ಆಗಿದ್ದರೆ ಎರಡನ್ನೂ ಗುಣಿಸಿ ೯.೮೩ ಬರುವುದು. ಎಂದರೆ ಮೋಟಾರು ಹತ್ತಕ್ಕೆ ಸ್ವಲ್ಪ ಕಡಮೆ ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ತಿರುಗುವುದು. ಚಿಕ್ಕ ಚಕ್ರವನ್ನು ತೆಗೆದು ೨೫ ಹಲ್ಲಿನದನ್ನು ಹಾಕಿದರೆ ಈ ಸಂಖ್ಯೆಯು ೯.೦೫ ಕ್ಕೆ ಇಳಿಯುವುದು. ನೇರ ಹಾದಿಯಲ್ಲಿ ವೇಗ ಹೆಚ್ಚುವುದು, ಆದರೆ ಮೋಟಾರಿಗೆ ಶ್ರಮ ಹೆಚ್ಚಿ ಅದು ಕಾಯುವುದು. ಐದು ನಿಮಿಷ ಓಡಿಸಿದ ಮೇಲೆ ಮೋಟಾರಿನ ಶಾಖವನ್ನು ಅಳೆಯಬೇಕು. ೭೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಎಚ್ಚರಿಕೆ, ೮೦ ಮುಟ್ಟಿದರೆ ಹಲ್ಲು ಕಡಮೆ ಮಾಡತಕ್ಕದ್ದು. ಬಹಳ ಕಾದರೆ ಒಳಗಿನ ಅಯಸ್ಕಾಂತವು ತನ್ನ ಶಕ್ತಿಯನ್ನು ಕಳೆದುಕೊಳ್ಳುವುದು, ಅದು ಮತ್ತೆ ಬಾರದು. ಪ್ರಮಾಣ, ಭಾಗಾಕಾರ, ದಶಮಾಂಶ, ಶಾಖ, ಅಯಸ್ಕಾಂತ ಇವೆಲ್ಲ ನಮ್ಮ ಪಾಠಪುಸ್ತಕದಲ್ಲಿಯೇ ಇರುವ ವಿಷಯಗಳು.

ಇನ್ನೊಂದು ಸಂಗತಿಯನ್ನು ನೋಡಿ ನಾನೂ ಆಶ್ಚರ್ಯಪಟ್ಟೆನು. ಟ್ರಕ್ಕು ದಿಬ್ಬದಿಂದ ಹಾರಿ ಆಕಾಶದಲ್ಲಿರುವಾಗ ಅದರ ಮೂತಿಯನ್ನು ಮೇಲೆ ಕೆಳಗೆ ಮಾಡಬಹುದು. ನೆಲವನ್ನು ಮುಟ್ಟದ ಚಕ್ರಗಳಿಂದ ಇದು ಹೇಗೆ ಸಾಧ್ಯ? ಮೂತಿ ಎದ್ದಿದ್ದರೆ ಬ್ರೇಕು ಹಾಕಬೇಕು. ತಿರುಗುತ್ತಿದ್ದ ಚಕ್ರಗಳು ನಿಲ್ಲುವಾಗ ಅವುಗಳ ಭ್ರಮಣವು ಟ್ರಕ್ಕಿನ ಮೈಗೆ ವರ್ಗವಾಗಿ ಮೂತಿಯು ಇಳಿಯುವುದು. ಮೂತಿ ಕೆಳಗಾಗಿದ್ದರೆ ವೇಗ ಕೊಡಬೇಕು. ಚಕ್ರಗಳು ಮುಂದಕ್ಕೆ ಜೋರಾಗಿ ತಿರುಗಿದಂತೆ ಮೈಯು ಅದಕ್ಕೆ ಎದುರಾಗಿ ತಿರುಗಿ ಮೂತಿ ಏಳುವುದು. ಒಟ್ಟು ಭ್ರಮಣದ ಮೊತ್ತವು ಗಾಳಿಯಲ್ಲಿ ಬದಲಾಗದೆಂಬ ನಿಯಮವನ್ನು ಕರಿಹಲಗೆಯ ಮೇಲೆ ಬರೆದು ತಿಳಿಸಲು ಎಷ್ಟು ಕಷ್ಟವೆಂಬುದನ್ನು ಉಪಾಧ್ಯಾಯಿನಿಯರೆಲ್ಲರೂ ಬಲ್ಲರು.

ರೇಡಿಯೋ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ. ಹಿಂದೆ ಒಂದೊಂದು ಟ್ರಕ್ಕಿಗೂ ಒಂದೊಂದು ಸ್ಫಟಿಕವಿದ್ದು, ಒಂದೇ ಜಾತಿಯ ಸ್ಫಟಿಕವನ್ನು ಇಬ್ಬರು ಹಾಕಿದರೆ ಒಬ್ಬರ ಟ್ರಕ್ಕು ಇನ್ನೊಬ್ಬರ ಕೈಗೆ ಸಿಕ್ಕುತ್ತಿತ್ತು. ಈಗಿನವು ೨.೪ ಗಿಗಾಹರ್ಟ್ಸ್ ಅಲೆಗಳಲ್ಲಿ ಕೆಲಸಮಾಡುವುವು. ಈ ಅಲೆಗಳಲ್ಲಿ ಅಲ್ಪಶಕ್ತಿಯ ಸಾಧನಗಳನ್ನು ಲೈಸೆನ್ಸಿಲ್ಲದೆ ಬಳಸಲು ಭಾರತ ಸರಕಾರವು ೨೦೦೫ ರಲ್ಲಿ ಅನುಮತಿ ಕೊಟ್ಟಿತು. ಪ್ರತಿ ಗ್ರಾಹಕವೂ ತನ್ನ ಕುರುಬನ ಧ್ವನಿಯನ್ನು ಮಾತ್ರ ಗುರುತಿಸುವ ಕುರಿಯಂತೆ ತನ್ನ ಪ್ರೇಷಕವನ್ನೇ ಅನುಸರಿಸುವುದು. ಆದರೂ ಕ್ರಮವೊಂದನ್ನು ತಪ್ಪಕೂಡದು: ಮೊದಲು ಕೈಯಲ್ಲಿರುವ ಪ್ರೇಷಕ, ಅನಂತರ ಟ್ರಕ್ಕು; ಆರಿಸುವಾಗ ಮೊದಲು ಟ್ರಕ್ಕು, ಅನಂತರ ಪ್ರೇಷಕ. ಇದು ಹಿಂದುಮುಂದಾದರೆ ಒಡತಿಯಿಲ್ಲದ ಟ್ರಕ್ಕು ತೋಚಿದತ್ತ ಓಡಬಹುದು.

ಬ್ಯಾಟರಿಯನ್ನು ಕುರಿತು ಮಾತಾಪಿತೃಗಳು ಯಾರೂ ನನ್ನನ್ನು ಕೇಳಲಿಲ್ಲ. ಕೇಳಬೇಕಾಗಿದ್ದುದು ಅದನ್ನೇ. ಹಣ, ಜಿಡ್ಡು, ಪರೀಕ್ಷೆ ಇವು ಸಣ್ಣ ಮಾತುಗಳು. ಲಿಥಿಯಂ ಪಾಲಿಮರ್ ಬ್ಯಾಟರಿಯು ಸಣ್ಣ ಮಾತಲ್ಲ. ಅದರ ಒಂದೊಂದು ಕೋಶಕ್ಕೂ ೩.೭ ವೋಲ್ಟು, ನಮ್ಮದರಲ್ಲಿ ಎರಡು ಕೋಶಗಳಿದ್ದು ೭.೪ ವೋಲ್ಟಾಗುವುದು. ತುಂಬಿದಾಗ ಕೋಶವೊಂದಕ್ಕೆ ೪.೨ ನ್ನು ಮೀರಕೂಡದು, ಬರಿದಾದಾಗ ೩.೦ ಕ್ಕಿಂತ ಕೆಳಗಿಳಿಯಕೂಡದು. ಮೀರಿದರೆ, ಚುಚ್ಚಿದರೆ, ಜಜ್ಜಿದರೆ ಉಬ್ಬುವುದು. ಉಬ್ಬಿದ್ದು ಉರಿಯಬಹುದು, ಆ ಉರಿಯು ಸುಲಭವಾಗಿ ಆರುವುದಿಲ್ಲ. ಆದುದರಿಂದ ನಮ್ಮಲ್ಲಿ ಬ್ಯಾಟರಿಯನ್ನು ತುಂಬುವುದು ತರಗತಿಯ ಕೋಣೆಯಲ್ಲಲ್ಲ. ಬಯಲಿನ ಅಂಚಿನಲ್ಲಿರುವ ಕಲ್ಲುಚಪ್ಪಡಿಯ ಮೇಲೆ, ಕೋಶಗಳನ್ನು ಸಮತೂಗಿಸಿ ತುಂಬುವ ಚಾರ್ಜರಿನಿಂದ, ಪಕ್ಕದಲ್ಲಿ ಮರಳಿನ ಬಕೆಟ್ಟನ್ನಿಟ್ಟುಕೊಂಡು. ಉಪಾಧ್ಯಾಯಿನಿಯೊಬ್ಬರು ಅಲ್ಲಿಯೇ ಕುಳಿತಿರಬೇಕು. ಅವರು ಎದ್ದುಹೋಗಬೇಕಾದರೆ ತಂತಿಯನ್ನು ಬಿಡಿಸಿ ಹೋಗಬೇಕು. ಓಡಿ ಬಂದ ಬಿಸಿ ಬ್ಯಾಟರಿಯನ್ನು ತಣ್ಣಗಾಗುವವರೆಗೆ ತುಂಬಕೂಡದು. ವಾರದ ನಡುವೆ ಇಡುವಾಗ ಕೋಶಕ್ಕೆ ೩.೮ ರಲ್ಲಿ ಇಡಬೇಕು. ಯಾವ ಹುಡುಗಿಯೂ ಬ್ಯಾಟರಿಯನ್ನು ಮನೆಗೆ ಒಯ್ಯಕೂಡದು. ಉಬ್ಬಿದುದನ್ನು ಇನ್ನೊಂದು ದಿನ ನೋಡೋಣವೆಂದು ಇಟ್ಟುಕೊಂಡವರಿಗೆ ಆ ಅವಧಿಯಲ್ಲಿ ಟ್ರಕ್ಕು ಮುಟ್ಟುವ ಅಧಿಕಾರವಿಲ್ಲ. ಈ ಕಟ್ಟಳೆಗಳು ಕಠಿಣವಾದುವೆಂದು ಹುಡುಗಿಯರು ಗೊಣಗಿದ್ದಾರೆ. ಅವನ್ನು ಸಡಿಲಿಸುವ ಉದ್ದೇಶ ನನಗಿಲ್ಲ. ಸಡಿಲಿಸಬೇಕೆಂದು ಸಭೆಯು ಹೇಳುವುದಾದರೆ ಅಭ್ಯಾಸವನ್ನೇ ನಿಲ್ಲಿಸುವುದು ಮೇಲೆಂದು ನಾನೇ ಮೊದಲು ಕೈಯೆತ್ತುವೆನು.

ಹದಗೊಳಿಸುವುದರಲ್ಲಿ ನಾವು ಪಾಲಿಸುವ ಮುಖ್ಯ ನಿಯಮ ಒಂದು: ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಟೈರನ್ನೂ ಎಣ್ಣೆಯನ್ನೂ ಒಟ್ಟಿಗೆ ಬದಲಿಸಿ ಟ್ರಕ್ಕು ಚೆನ್ನಾಗಿ ಓಡಿದರೆ ಯಾವುದರಿಂದ ಓಡಿತೆಂದು ಯಾರು ಹೇಳಬಲ್ಲರು? ಆದುದರಿಂದ ಪ್ರತಿ ಟ್ರಕ್ಕಿಗೂ ಒಂದು ಪುಸ್ತಕವುಂಟು. ದಿನಾಂಕ, ನೆಲದ ಸ್ಥಿತಿ, ಬಿಸಿಲು, ಬದಲಿಸಿದ್ದು ಏನು, ಬದಲಿಸುವ ಮುಂಚೆ ಐದು ಸುತ್ತಿಗೆ ಎಷ್ಟು ಕಾಲ, ಅನಂತರ ಎಷ್ಟು ಎಂಬುದನ್ನು ಬರೆಯಬೇಕು. ಒಂದೇ ಒಂದು ಸುತ್ತಿನ ವೇಗವನ್ನು ನೋಡಿ ಮರುಳಾಗಕೂಡದು. ಉದಾಹರಣೆಗೆ, ಒಬ್ಬಳು ೨೪, ೨೫, ೨೪, ೨೫, ೨೪ ಸೆಕೆಂಡುಗಳಲ್ಲಿ ಸುತ್ತಿದರೆ ಒಟ್ಟು ೧೨೨. ಇನ್ನೊಬ್ಬಳು ೨೨, ೨೨ ಎಂದು ಹಾರಿ, ಮೂರನೆಯದರಲ್ಲಿ ಮಗುಚಿ ೩೩, ಮತ್ತೆ ೨೨, ಮತ್ತೆ ಮಗುಚಿ ೩೧ ಆದರೆ ಒಟ್ಟು ೧೩೦. ಎರಡನೆಯವಳ ಟ್ರಕ್ಕೇ ವೇಗವುಳ್ಳದ್ದೆಂದು ನೋಡುವವರೆಲ್ಲ ಹೇಳುವರು, ಗೆದ್ದವಳು ಮೊದಲನೆಯವಳು. ಹೊಸ ಭಾಗವನ್ನು ಕೊಳ್ಳಬೇಕೆಂದು ಕೇಳಿಕೊಂಡು ಬಂದವರಿಗೆ ನಾನು ಆ ಪುಸ್ತಕವನ್ನು ತೋರಿಸೆನ್ನುವೆನು. ಅದರಲ್ಲಿ ಕಾರಣ ಕಾಣದಿದ್ದರೆ ಹಣ ಸಿಕ್ಕುವುದಿಲ್ಲ. ಇಂತಹ ಟ್ರಕ್ಕೊಂದಕ್ಕೆ ಹತ್ತಾರು ಸಾವಿರ ರೂಪಾಯಿ ಬೀಳುವುದೆಂಬುದು ನಿಜ. ಆದರೆ ಎಂಟು ಹುಡುಗಿಯರಿಗೆ ಒಂದು ಟ್ರಕ್ಕು, ಮುರಿದ ತೋಳನ್ನು ಬಿಟ್ಟು ಬೇರೆ ಯಾವುದನ್ನೂ ಕಾರಣವಿಲ್ಲದೆ ಕೊಂಡಿಲ್ಲ. ಶುಲ್ಕದ ಹಣದಲ್ಲಿ ಒಂದು ಪೈಯೂ ಇದಕ್ಕೆ ಹೋಗಿಲ್ಲ.

ಪಂದ್ಯದ ಪದ್ಧತಿಗಳಲ್ಲಿ ಒಂದನ್ನು ಮಾತ್ರ ತಿಳಿಸುತ್ತೇನೆ. ಇದು ನಮ್ಮ ಶಾಲೆಯವರು ಕಟ್ಟಿಕೊಂಡದ್ದಲ್ಲ. ಜಗತ್ತಿನಲ್ಲೆಲ್ಲ ಈ ಪಂದ್ಯಗಳಲ್ಲಿ ಇರುವ ರೂಢಿ. ತನ್ನ ಓಟ ಮುಗಿದ ಚಾಲಕಿಯು ಟ್ರಕ್ಕನ್ನು ಕೆಳಗಿಟ್ಟು ಮನೆಗೆ ಹೋಗುವಂತಿಲ್ಲ. ಮುಂದಿನ ಓಟದ ಕಾಲದಲ್ಲಿ ತಿರುವಿನಲ್ಲಿ ನಿಂತು, ಮಗುಚಿದ ಟ್ರಕ್ಕುಗಳನ್ನು ನೆಟ್ಟಗೆ ಮಾಡಿ ಬಿಡಬೇಕು. ಆ ಟ್ರಕ್ಕು ಅವಳನ್ನು ಈಗತಾನೆ ಸೋಲಿಸಿದವಳದಾಗಿರಬಹುದು, ಅಥವಾ ಅವಳೊಡನೆ ಮಾತು ಬಿಟ್ಟವಳದಾಗಿರಬಹುದು. ಸೆಕೆಂಡಿನ ಲೆಕ್ಕವಾದುದರಿಂದ ತಡಮಾಡಿದರೆ ಎಲ್ಲರಿಗೂ ಕಾಣುವುದು.

ಸಭೆಗೆ ಮುಂಚಿನ ಎರಡು ಶನಿವಾರಗಳಲ್ಲಿ ಮಧ್ಯಾಹ್ನ ಮೂರು ಗಂಟೆಯಿಂದ ಪಂದ್ಯದ ಹಾದಿಯು ಪಾಲಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ತೆರೆದಿರುವುದು. ಬಯಸಿದವರಿಗೆ ಹುಡುಗಿಯರು ಪ್ರೇಷಕವನ್ನು ಕೈಗೆ ಕೊಡುವರು. ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟಿರುವೆವು, ಯಾರು ಬೇಕಾದರೂ ತೆರೆದು ನೋಡಬಹುದು. ಧೂಳಿರುವುದರಿಂದ ತಲೆಗೆ ವಸ್ತ್ರವನ್ನು ತರುವುದು ಒಳ್ಳೆಯದು. ಚಿಕ್ಕ ಮಕ್ಕಳನ್ನು ಹಗ್ಗದ ಒಳಕ್ಕೆ ಬಿಡಕೂಡದು. ಎರಡು ಕಿಲೋಗ್ರಾಮಿನ ಟ್ರಕ್ಕು ಓಡುವ ವೇಗದಲ್ಲಿ ಕಾಲಿಗೆ ಬಡಿದರೆ ಕಣಕಾಲಿನ ಮೂಳೆಗೆ ಅಪಾಯವುಂಟು. ಹಗ್ಗದಾಚೆ ನಿಂತು ನೋಡುವವರಿಗೆ ಹುಣಿಸೆಮರದ ನೆರಳಿನಲ್ಲಿ ಬೆಂಚುಗಳನ್ನು ಹಾಕಿಸಿದ್ದೇವೆ.